ಪರದೆಯಲ್ಲಿ ಉಳಿದ ಬಟ್ಟೆ

ಗಲ್ಫಿನ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ನಾನೂ ಗಂಡನೂ ಇರುವ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬಳಿಯುವ ಹಾಗಿಲ್ಲ. ಹಿಂದಿನವರು ಗೋಡೆಯ ಮೇಲೆ ಬಿಟ್ಟುಹೋದ ಎಣ್ಣೆ ಕಲೆಯನ್ನು ಮಾತ್ರ ಎಷ್ಟು ಬೇಕಾದರೂ ನೋಡುತ್ತ ಕೂರಬಹುದು. ರೋಸಿಹೋಗಿ, ಸೇಲ್‌ನಲ್ಲಿ ಸಿಕ್ಕ ದೊಡ್ಡ ದೊಡ್ಡ ಹೂವಿನ ಹಸಿರು ಬಟ್ಟೆ ತಂದು ಆ ಗೋಡೆ ಮುಚ್ಚುವಂತೆ ಪರದೆ ಹೊಲಿಸಿ, ಅಂಟಿಸುವ ಕೊಕ್ಕೆಗಳಿಗೆ ತೂಗುಹಾಕಿದೆ.

ಕೆಳಗಿನ ಅಂಗಡಿಯ ಟೈಲರ್ ಭಟ್ಕಳದವರು. "ಇಷ್ಟು ಬಟ್ಟೆ ಉಳಿದಿದೆ, ಬಿಸಾಡ್ತೀರಾ? ಚಂದದ ಕುರ್ತಾ ಆಗ್ತದೆ," ಅಂದರು. ಆಸೆ ಯಾರನ್ನು ಬಿಟ್ಟಿದೆ? ಹೊಲಿಸಿದೆ. ಕುರ್ತಾ ಚೆನ್ನಾಗಿಯೇ ಬಂತು.

ಆಮೇಲೆ, ತಿಂಗಳುಗಟ್ಟಲೆ ಅರ್ಜಿ ಹಾಕಿದ್ದಕ್ಕೆ ದುಬೈ ಕಂಪನಿಯೊಂದು ವಿಡಿಯೋ ಸಂದರ್ಶನಕ್ಕೆ ಕರೆಯಿತು. ಹೊಸ ಕುರ್ತಾ ಹಾಕಿಕೊಂಡು, ಪರದೆಯ ಮುಂದೆ ನೆಟ್ಟಗೆ ಕೂತೆ.

"ಮೇಡಂ, ಬ್ಯಾಕ್‌ಗ್ರೌಂಡ್ ಎಫೆಕ್ಟ್ ತೆಗೀರಿ. ಬರೀ ತಲೆ ಕಾಣ್ತಿದೆ," ಅಂದರು ಬೆಂಗಳೂರು ಕಡೆಯ ಮ್ಯಾನೇಜರ್.

"ಎಫೆಕ್ಟ್ ಅಲ್ಲ ಸರ್, ನಮ್ಮನೆ ಪರದೆ."

"ಮತ್ತೆ ಭುಜ ಎಲ್ಲಿ?"

ಭುಜ ಕುಣಿಸಿ ತೋರಿಸಿದೆ.

"ಗಾಳಿ ಜಾಸ್ತಿ ಇದೆ ಅನ್ಸುತ್ತೆ, ಕಿಟಕಿ ಹಾಕ್ಕೊಳ್ಳಿ."

ಕೊನೆಗೆ ಬಾತ್‌ರೂಮ್ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಉಳಿದ ಪ್ರಶ್ನೆಗಳಿಗೆ ಉತ್ತರಿಸಿದೆ.

ಮುಗಿದ ಕೂಡಲೇ ಕೆಳಗಿಳಿದು ಟೈಲರ್‌ಗೆ ಬಾಯಿಗೆ ಬಂದಂತೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಖಲಾಸ್, ಆದದ್ದು ಆಯ್ತು ಬಿಡಿ," ಎನ್ನುತ್ತ ಕಪಾಟಿಗೆ ಕೈ ಹಾಕಿದರು. "ಇನ್ನೊಂದು ತುಂಡು ಉಂಟು. ನಿಮ್ಮ ಯಜಮಾನರಿಗೆ ಶರ್ಟ್ ಆಗ್ತದೆ."

ಆಗುತ್ತದೆ, ಯಾಕಾಗಲ್ಲ? ಇಬ್ಬರೂ ಹಾಕಿಕೊಂಡು ಪರದೆಯ ಮುಂದೆ ಕೂತರೆ, ಮನೆ ಖಾಲಿಯಿದೆ ಅಂತ ಓನರ್ ಬೇರೆಯವರಿಗೆ ಬಾಡಿಗೆಗೆ ಕೊಟ್ಟುಬಿಡ್ತಾನೆ.