ಬದನೆಕಾಯಿಯ ಬ

ಎಮ್ಮಿಗನೂರಿನ ಸರ್ಕಾರಿ ಶಾಲೆಯಲ್ಲಿ ಉಚ್ಚೆಂಗಮ್ಮ ಬಿಸಿಯೂಟ ಬೇಯಿಸಲು ಶುರುಮಾಡಿ ಹದಿನಾಲ್ಕು ವರ್ಷ. ಆಕೆಗೆ ಓದು ಬರುವುದಿಲ್ಲ. ದನಿ ಮಾತ್ರ ಕಾಲುವೆಯ ಆಚೆ ದಡಕ್ಕೂ ಕೇಳುತ್ತದೆ.

ಭತ್ತದ ನಾಟಿ ಶುರುವಾದರೆ ಮಗಳು ರೇಣುಕಮ್ಮ ಗದ್ದೆಗೆ ಹೋಗುತ್ತಾಳೆ. ಎರಡನೇ ತರಗತಿಯ ಮೊಮ್ಮಗಳು ಸುಷ್ಮಿತಾಳೂ ತಮ್ಮನನ್ನು ಆಡಿಸಲು ಹಿಂದೆ ಹೋಗುತ್ತಾಳೆ. ಕಳೆದ ವರ್ಷ ಹೀಗೇ ಒಂದು ತಿಂಗಳು ಹೋಗಿ ಬಂದವಳು ಕಲಿತ ಅಕ್ಷರಗಳನ್ನೆಲ್ಲ ಮರೆತಿದ್ದಳು. ಈ ಸಲವೂ ಹಾಗಾದರೆ? ಉಚ್ಚೆಂಗಮ್ಮನಿಗೆ ಅದೊಂದೇ ಚಿಂತೆ.

ಸುಷ್ಮಿತಾಳ ಟೀಚರ್ ಶೈಲಶ್ರೀ ಮೇಡಂ ತಾಯಂದಿರ ವಾಟ್ಸಾಪ್ ಗುಂಪಿಗೆ ದಿನವೂ ಪಾಠದ ವಿಡಿಯೊ ಕಳಿಸುತ್ತಿದ್ದರು. ನಾಟಿಯವರ ಫೋನುಗಳು ಬುತ್ತಿಗಂಟಿನ ಜೊತೆ ಬೇವಿನ ಮರಕ್ಕೆ ನೇತಾಡುತ್ತಿದ್ದವು. ಯಾರೂ ನೋಡುತ್ತಿರಲಿಲ್ಲ.

ಉಚ್ಚೆಂಗಮ್ಮನೂ ಆ ಗುಂಪಿನಲ್ಲಿದ್ದಳು. ಒಂದು ದಿನ ಗುಂಪು ತೆರೆದಿದ್ದ ಫೋನು ಹಿಡಿದುಕೊಂಡೇ ಅಡುಗೆಯ ಜೊತೆಗಾರ್ತಿಯನ್ನು ಗದರಿದಳು: "ಶಾಂತಕ್ಕಾ, ನುಗ್ಗಿಕಾಯಿ ಇಷ್ಟುದ್ದ ಹೆಚ್ಚೀಯಲ್ಲ, ಹುಡುಗ್ರು ತಿನ್ನಬೇಕೋ, ಕೋಲಾಟ ಆಡಬೇಕೋ?" ಹೆಬ್ಬೆರಳು ಮೈಕಿನ ಗುರುತಿನ ಮೇಲಿತ್ತು. ಮಾತು ಗುಂಪಿಗೆ ಹೋಯಿತು. ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಎಲ್ಲರೂ ಅದನ್ನು ಮೂರು ಸಲ ಕೇಳಿ ನಕ್ಕರಂತೆ.

"ನನ್ನ ವಿಡಿಯೊ ನೋಡಂಗಿಲ್ಲ, ನಿಮ್ಮ ದನಿ ಕೇಳ್ತಾರ. ಇನ್ಮ್ಯಾಲ ಪಾಠ ನೀವ ಹೇಳ್ರಿ," ಎಂದರು ಮೇಡಂ.

"ನನಗ ಅಕ್ಷರನ ಬರಂಗಿಲ್ರಿ."

"ತರಕಾರಿ ಬರ್ತಾವಲ್ಲ?"

ಮೊದಲ ದಿನ ಉಚ್ಚೆಂಗಮ್ಮ ಸೆರಗು ಹೊದ್ದು, ನೆಟ್ಟಗೆ ನಿಂತು, "ಪ್ರೀತಿಯ ಮಕ್ಕಳೇ, ನಮಸ್ಕಾರ" ಎಂದಳು. ದನಿ ದಾರದಷ್ಟು ಸಣ್ಣಗಾಗಿತ್ತು.

ಸಂಜೆ ರೇಣುಕಮ್ಮ ಕೇಳಿದಳು: "ಯವ್ವಾ, ಅದು ನೀನಾ? ಬ್ಯಾಂಕಿನವ್ರು ಅಂತ ಬಂದ್ ಮಾಡಿದ್ವಿ!"

ಮರುದಿನ ಆಕೆ ಒಲೆಯ ಮುಂದೆ, ಸೌಟು ಹಿಡಿದೇ ಕೂಗಿದಳು: "ಲೇ ಸುಷ್ಮಿ, ಇವತ್ತ ಬದನಿಕಾಯಿ ಸಾರು. ಬದನಿಕಾಯಿ ಬ. ಮೇಡಂ ಬರದು ಕಳಿಸ್ಯಾರ, ನೋಡಿ ಬರಿ. ಬರೀಲಿಲ್ಲಂದ್ರ ಸೌಟು ತಗೊಂಡು ಗದ್ದಿಗೇ ಬರ್ತೀನಿ!"

ಮಧ್ಯಾಹ್ನ ಒಂದು ಫೋಟೊ ಬಂತು. ಹಸಿ ಬದುವಿನ ಮೇಲೆ ಬೆರಳಲ್ಲಿ ಬರೆದ ಬ. ಗೆರೆಯೊಳಗೆ ನೀರು ಜಿನುಗಿ ಹೊಳೆಯುತ್ತಿತ್ತು. ಆಮೇಲೆ ದಿನಕ್ಕೊಂದು ತರಕಾರಿ, ದಿನಕ್ಕೊಂದು ಫೋಟೊ. ಬೇರೆ ಬದುಗಳಿಂದಲೂ ಬರತೊಡಗಿದವು.

ನಾಟಿ ಮುಗಿದು ಶಾಲೆಗೆ ಬಂದ ಸುಷ್ಮಿತಾ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತವಳು, ಗೋಡೆಗೆ ಹೊಸದಾಗಿ ಅಂಟಿಸಿದ್ದ ಊಟದ ಪಟ್ಟಿಗೆ ಬೆರಳಿಟ್ಟಳು.

"ಬು... ಧ... ವಾ... ರ. ಪ... ಲಾ... ವು. ಅಜ್ಜೀ, ಇವತ್ತ ಬುಧವಾರ. ನೀ ಸಾರು ಮಾಡೀದಿ!"

ಉಚ್ಚೆಂಗಮ್ಮ ಮೇಡಂ ಮುಖ ನೋಡಿದಳು. ಮೇಡಂ ನಗುತ್ತ ಹೌದೆಂದು ತಲೆಯಾಡಿಸಿದರು.

"ಶಾಂತಕ್ಕಾ," ಎಂದಳು ಉಚ್ಚೆಂಗಮ್ಮ, ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿಯುತ್ತ, "ನಾಳಿಂದ ಅಕ್ಕಿ ತೊಳಿಯೂದಕ್ಕ ಮೊದಲ ಈಕೀನ್ನ ಒಂದ್ ಮಾತು ಕೇಳಬೇಕವ್ವ!"