ಹಿಂಡು ಮೇಯ್ದ ಹೊಲ

ಭಾಗ್ಯಾ, ಸಿದ್ದು, ನಿನ್ನೆ ನೀವಿಬ್ಬರೂ ಪೆನ್ನಿಗೆ ಜಗಳಾಡಿ ಕಿರುಬೆರಳಿಗೆ ಮಸಿ ಮಾಡಿಕೊಂಡು ಬಂದಿರಲ್ಲ, ಆಗ ನನಗೆ ಪಕ್ಕದ ಮನೆಯ ಅಕ್ಕ ನೆನಪಾದಳು... ಆ ಕಾಲಕ್ಕೆ ಬೀಳಗಿ ಕಡೆಯ ನಮ್ಮ ಹಳೆಯ ಊರು ಇನ್ನೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರಲಿಲ್ಲ.

ಅವರದು ಕುರಿ ಸಾಕುವ ಮನೆತನ. ಅಕ್ಕನ ಹಿರಿಯ ಮಗ ಪೋಲಿಯೊ ಹನಿ ಹಾಕಿಸಿಕೊಂಡಿದ್ದರೂ ಪೋಲಿಯೊ ಬಂದು ಅವನ ಒಂದು ಕಾಲು ಸೋತಿತ್ತು. ಹೀಗಾಗಿ ಮಗಳು ಹುಟ್ಟಿದಾಗ ಅಕ್ಕ, ಹನಿ ಹಾಕಲು ಬಂದ ನರ್ಸಬಾಯಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನಾನು ಗೋಡೆಯ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ನಡುವೆ ಹೋಗಿ ಮಾತಾಡುವ ಧೈರ್ಯ ನನಗೆಲ್ಲಿ...

"ಹಿರ್‍ಯಾಂವಗ ಹಾಕಿ ಏನ್ ಉದ್ಧಾರ ಮಾಡಿದ್ರಿ?"

ನರ್ಸಬಾಯಿ ಸಿಟ್ಟಾಗಲಿಲ್ಲ. "ಹನ್ಯಾಗ ಇರೂದೂ ಜೀವಂತ ವೈರಾಣುನ ಯವ್ವಾ, ಬಲ ಕಳದದ್ದು. ಅದು ಕರುಳಾಗ ಬೆಳದ್ರ ಮೈ ಕಾಯೂ ಶಕ್ತಿ ಬರತೈತಿ. ಬ್ಯಾರೆ ವೈರಾಣು ಮೊದಲ ಬಂದು ಕರುಳ ಹಿಡದಿದ್ರ ಇದನ್ನ ಬೆಳಿಯಾಕ ಬಿಡೂದಿಲ್ಲ. ನಿನ್ನ ಮಗಗ ಹಂಗ ಆಗಿರಬೌದು."

"ಅಂದ್ರ ಮೇದ ಹೊಲಕ್ಕ ನಿಮ್ಮ ಹಿಂಡು ಬಂದಿತ್ತನ್ರಿ!" ಅಕ್ಕ ನಕ್ಕಳು. ಅಂಥ ನಗು ನಾನು ಮತ್ತೆ ಕೇಳಿಲ್ಲ.

"ಖರೆ. ಹೊಲ ಮತ್ತ ಚಿಗೀತೈತಲ್ಲ, ಅದಕ್ಕ ನಾವು ಮತ್ತ ಮತ್ತ ಬರತೀವಿ."

"ಈ ಕೂಸಿನ ಹೊಟ್ಟ್ಯಾಗೂ ಯಾವುದಾರ ಮೇಯಾಕತ್ತಿದ್ರ?"

ನರ್ಸಬಾಯಿ, "ನನಗ ತಿಳಿಯೂದಿಲ್ಲ ಯವ್ವಾ," ಅಂದಳು.

ಸುಳ್ಳು ಧೈರ್ಯ ಹೇಳದ ಆ ಒಂದು ಮಾತಿಗೆ ಅಕ್ಕ ಹೊಸ್ತಿಲು ಬಿಟ್ಟು ಸರಿದಳು. ಕುರಿಮರಿಗೆ ಔಷಧ ಕುಡಿಸುವಾಗ ಮಾಡುವಂತೆ ಕೂಸಿನ ಕೆನ್ನೆ ಒತ್ತಿ ತಾನೇ ಅದರ ಬಾಯಿ ತೆರೆಸಿದಳು. ನರ್ಸಬಾಯಿ ಹನಿ ಹಾಕಿ, ಅದರ ಗುರುತಿಗೆ ಕೂಸಿನ ಕಿರುಬೆರಳಿಗೆ ಮಸಿ ಹಚ್ಚುತ್ತಿರುವಾಗ ಹಿರಿಯ ಮಗ ಕುಂಟುತ್ತ ಬಂದು ಬೆರಳು ಚಾಚಿದ. "ನಂಗೂ ಹಚ್ಚರಿ." ನರ್ಸಬಾಯಿ ಹಚ್ಚಿದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು.

ನರ್ಸಬಾಯಿ ಮತ್ತೆ ಬರುವಷ್ಟರಲ್ಲಿ ಮುಳುಗಡೆಯಿಂದಾಗಿ ಊರು ಖಾಲಿಯಾಗಿತ್ತು. ನಿಮ್ಮ ಅಜ್ಜ ನಮ್ಮನ್ನು ಈ ಹೊಸ ಊರಿಗೆ ಕರೆತಂದರು. ಅಕ್ಕನ ಮನೆಯವರು ಕುರಿ ಹೊಡೆದುಕೊಂಡು ಹಿಪ್ಪರಗಿ ಕಡೆಗೆ ಹೋದರು. ಕೂಸು ಆಗಿನ್ನೂ ಅಂಬೆಗಾಲಿಡುತ್ತಿತ್ತು. ಹೋದಲ್ಲಿ ಯಾರಾದರೂ ಅದಕ್ಕೆ ಮತ್ತೆ ಹನಿ ಹಾಕಿದರೋ ಇಲ್ಲವೋ... ಅಕ್ಕ ಮುಂದೆ ಕೆಲವು ವರ್ಷಗಳಲ್ಲಿ ತೀರಿಕೊಂಡಳೆಂದು ಕೇಳಿದೆ. ಸುದ್ದಿ ತಂದವನಿಗೆ ಮಗಳ ವಿಷಯ ತಿಳಿದಿರಲಿಲ್ಲ.

ಈ ಹಾಳೆಗಳನ್ನು ಅಜ್ಜನ ಟ್ರಂಕಿನಲ್ಲಿ ಜೋಪಾನವಾಗಿಡಿ. ಆ ಹುಡುಗಿ ಎಂದಾದರೂ ನಮ್ಮ ಮನೆ ಹುಡುಕಿಕೊಂಡು ಬಂದರೆ ಅವಳ ಕೈಗೆ ಕೊಡಿ. ಅಷ್ಟೊತ್ತಿಗೆ ನಾನು ಇರದಿದ್ದರೂ, ಅವಳು ಅಂಗಳದಲ್ಲಿ ನಡೆದು ಬರುವುದನ್ನು ನನ್ನ ಪರವಾಗಿ ನೀವು ನೋಡಿ.