ಆ ಡಿಸ್ಕಿನಲ್ಲಿ ಎಲ್ಲವೂ ಇತ್ತು

ಪ್ರೇಮಾ, ಆ ಕಂಪ್ಯೂಟರನ್ನು ಕೆಡಿಸಿದ್ದು ನೀನಲ್ಲ, ನಾನು. ಕೆಡಿಸಿದ್ದಷ್ಟೇ ಆಗಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಗಿರಲಿಲ್ಲ — ನಿನ್ನ ಪ್ರಾಜೆಕ್ಟನ್ನು ಅಳಿಸಿದ್ದೂ ನಾನೇ, ಬೇಕೆಂದೇ.

ಹಾಸನದ ಕಾಲೇಜಿನಲ್ಲಿ ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಲ್ಯಾಬಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದ್ದದ್ದು ಒಂದೇ ಯಂತ್ರದಲ್ಲಿ. ಅದನ್ನು ಬಲ್ಲವನೆಂಬ ನನ್ನ ಜಂಬ ಅಷ್ಟಿಷ್ಟಲ್ಲ. ನೀನು ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದು ಅದರಲ್ಲೇ ಕೊನೆಯ ವರ್ಷದ ಪ್ರಾಜೆಕ್ಟ್ ಬರೆಯುತ್ತಿದ್ದೆ — ಬಿತ್ತನೆ ಆಲೂಗಡ್ಡೆಯ ದಾಸ್ತಾನು ನೋಡಿಕೊಳ್ಳುವ ಪ್ರೋಗ್ರಾಂ. ಒಪ್ಪಿಸುವ ದಿನ ಹತ್ತಿರವಾಗಿತ್ತು. ನನಗೋ ಹೊಸ ಕರ್ನೆಲ್ ಹಾಕುವ ಹುಚ್ಚು. ಕರ್ನೆಲ್ ಎಂದರೆ ಯಂತ್ರ ಎದ್ದೊಡನೆ ಉಳಿದೆಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಂ — ನಿನಗೆ ಗೊತ್ತಿದೆ, ನಿನ್ನ ಮನೆಯವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಅದನ್ನು ಕಂಪೈಲ್ ಮಾಡಿ, ಹಳೆಯದನ್ನು ಉಳಿಸಿಕೊಳ್ಳದೆ ಅದರ ಮೇಲೆಯೇ ಹಾಕಿ, ರೀಬೂಟ್ ಮಾಡಿದೆ. ಯಂತ್ರ ಅರ್ಧಕ್ಕೇ ನಿಂತುಬಿಟ್ಟಿತು. ಡಿಸ್ಕನ್ನು ಓದಲಾಗುತ್ತಿಲ್ಲ ಎಂಬ ಸಾಲೊಂದು ಪರದೆಯ ಮೇಲೆ.

ಆಗಲೇ ವಿಭಾಗದ ಮುಖ್ಯಸ್ಥರು ಬಂದರು. ನಿನ್ನೆ ಕೊನೆಗೆ ಕೂತಿದ್ದವಳು ಪ್ರೇಮಾ, ಸರಿಯಾಗಿ ಆಫ್ ಮಾಡಿಲ್ಲ, ಡಿಸ್ಕ್ ಹೋಗಿದೆ — ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಮಾತು! ನಿನ್ನನ್ನು ಕರೆಸಿದರು. ನೀನು ಇಲ್ಲವೆನ್ನುತ್ತೀಯೆ ಎಂದುಕೊಂಡಿದ್ದೆ.

"ಔದು ಸಾ, ಕರೆಂಟ್ ಓಗ್ ಬಂದಾಗ ಗಾಬ್ರೀಲಿ ನಾನೇ ಸ್ವಿಚ್ ಆರಿಸ್ಬುಟ್ಟೆ. ನಂದೇ ತಪ್ಪು."

ಸಂಜೆ ತಾವೇ ಬಂದು ನೋಡುವುದಾಗಿ ಹೇಳಿ ಮುಖ್ಯಸ್ಥರು ಹೋದರು. ನೀನೂ ಕಣ್ಣೊರೆಸಿಕೊಂಡು ಹೋದೆ. ನಾನು ಫ್ಲಾಪಿಯಿಂದ ಬೂಟ್ ಮಾಡಿ ನೋಡಿದೆ. ಡಿಸ್ಕಿಗೆ ಏನೂ ಆಗಿರಲಿಲ್ಲ. ಅದನ್ನು ಓದುವ ಭಾಗವನ್ನು ಕರ್ನೆಲ್ಲಿನೊಳಗೆ ಸೇರಿಸದೆ ಡಿಸ್ಕಿನ ಮೇಲೆಯೇ ಬಿಟ್ಟಿದ್ದೆ — ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲೆಳೆದುಕೊಂಡ ಹಾಗೆ. ನಿನ್ನ ಫೈಲುಗಳೆಲ್ಲ ಇದ್ದವು. ತೆರೆದೂ ನೋಡಿದೆ. ಚೆನ್ನಾಗಿ ಬರೆದಿದ್ದೆ, ಪ್ರೇಮಾ.

ಸರಿಮಾಡಿ, ನಾನೇ ಉಳಿಸಿದೆನೆಂದು ಹೆಸರು ತೆಗೆದುಕೊಳ್ಳಬಹುದಿತ್ತು. ಆದರೆ ಯಂತ್ರ ಎದ್ದರೆ, ಆ ಬೆಳಿಗ್ಗೆ ನಾನು ಕರ್ನೆಲ್ ಬದಲಿಸಿದ ಗುರುತೂ ಅದರಲ್ಲೇ ಸಿಗುತ್ತಿತ್ತು. ಹೆದರಿದೆ. ಮುಖ್ಯಸ್ಥರು ಬರುವ ಮೊದಲೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಅಳಿಸಿದೆ. ನಿನ್ನ ಬಳಿ ಇದ್ದದ್ದು ಹಳೆಯ, ಅರ್ಧಂಬರ್ಧ ಪ್ರತಿ. ಆ ಸಲ ಒಪ್ಪಿಸಲಾಗಲಿಲ್ಲ. ಮತ್ತೆ ಓದಿಸಲು ನಿಮ್ಮಪ್ಪ ಒಪ್ಪಲಿಲ್ಲವಂತೆ; ಡಿಗ್ರಿ ಅಲ್ಲಿಗೇ ನಿಂತಿತು. ಯಾರೋ ಹೇಳಿದಾಗ ಕೇಳಿಸಿಕೊಂಡು, ಕ್ಲಾಸಿಗೆ ಹೋಗಿ ಪಾಠ ಮಾಡಿದೆ.

ಹೋದ ತಿಂಗಳು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಮಗಳ ಜೊತೆ ನೀನೇ ಬಂದು ಮಾತಾಡಿಸಿದೆ. ಅದೇ ಊರಿನಲ್ಲಿ ಮನೆ ಎಂದು ವಿಳಾಸ ಹೇಳಿದೆ. ನಾನು ಮುಖ ತಪ್ಪಿಸಿಕೊಳ್ಳಲು ಹೊರಟಿದ್ದೆ — ಅದೂ ನಿನಗೆ ತಿಳಿಯಲಿ. ನೀನು ಮಗಳಿಗೆ ನನ್ನನ್ನು ಪರಿಚಯಿಸಿ, ಇವರ ಕಂಪ್ಯೂಟರನ್ನು ನಾನು ಹಾಳು ಮಾಡಿದ್ದೆ ಎಂದೆ. ಆಮೇಲೆ ಸಂಕೋಚದಿಂದ ಕೇಳಿದೆ.

"ಸಾ, ಆ ಮಿಷನ್ನು ಆಮೇಲೆ ಸರಿಯಾಯ್ತಾ?"

"ಆಯ್ತಮ್ಮ" ಎಂದೆ ನಾನು.

"ಸದ್ಯ" ಎಂದು ನೀನು ನೆಮ್ಮದಿಯ ಉಸಿರು ಬಿಟ್ಟೆ. ಆ ಉಸಿರು ನನ್ನನ್ನು ಮಲಗಲು ಬಿಡುತ್ತಿಲ್ಲ.

ಈ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ಬಾಗಿಲಲ್ಲೇ ನಿಂತು ಹೇಳುತ್ತೇನೆ, ಒಳಗೆ ಕರೆಯಬೇಡ.